ದಾನ, ಹಕ್ಕು, ಅರ್ಜಿ: ಶಿಕಾರಿಪುರ–ಸೊರಬ ಸೀಮೆಯ ಶ್ರೇಣೀಕರಣದ ಆಕರಗಳು – ಒಂದು ವಿಮರ್ಶೆ

ಸಾಮಾಜಿಕ ಶ್ರೇಣೀಕರಣವನ್ನು ಕುರಿತ ನಮ್ಮ ಪಠ್ಯಗಳು ಸಾಮಾನ್ಯವಾಗಿ ಕಾರ್ಲ್ ಮಾರ್ಕ್ಸ್‌ನ ವರ್ಗ ಸಿದ್ಧಾಂತದಿಂದ ಹೊರಟು, ಮ್ಯಾಕ್ಸ್ ವೇಬರನ ವರ್ಗ, ಅಂತಸ್ತು, ಪಕ್ಷಗಳೆಂಬ ವಿಭಜನೆಯನ್ನು ಹಾಯ್ದು, ಎಂ.ಎನ್. ಶ್ರೀನಿವಾಸ ಅವರ ಪ್ರಬಲ ಜಾತಿಯ ಪರಿಕಲ್ಪನೆಗೆ ಬಂದು ನಿಲ್ಲುತ್ತವೆ. ಈ ಪರಿಕಲ್ಪನೆಗಳನ್ನು ಸ್ಥಳೀಯ ಸಾಮಗ್ರಿಯ ಮೇಲೆ ಆರೋಪಿಸುವುದನ್ನೇ ಸಂಶೋಧನೆಯೆಂದು ಭಾವಿಸುವ ವಾಡಿಕೆಯೂ ಬೆಳೆದಿದೆ. ಆ ಸಾಮಗ್ರಿಯನ್ನು ಯಾರು, ಯಾವ ಪ್ರಯೋಜನಕ್ಕಾಗಿ ಬರೆದಿಟ್ಟರು ಎಂಬ ಪ್ರಶ್ನೆ ಮಾತ್ರ ಹಿಂದೆ ಸರಿಯುತ್ತದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಈ ಪ್ರಶ್ನೆಯನ್ನು ಎತ್ತಲು ಯೋಗ್ಯವಾದ ಕ್ಷೇತ್ರ. ಕದಂಬರ ಕಾಲದ ಶಾಸನದಿಂದ ಬಗರ್‌ಹುಕುಂ ಅರ್ಜಿಯವರೆಗೆ ಇಲ್ಲಿನ ದಾಖಲೆ ವಿಪುಲವಾಗಿದೆ. ಅದರಲ್ಲಿ ಬಡವನು ಮೂರು ರೂಪಗಳಲ್ಲಿ ಕಾಣಿಸಿಕೊಳ್ಳುತ್ತಾನೆ: ದಾನ ಪಡೆಯುವವನಾಗಿ, ಹಕ್ಕು ಕೇಳುವವನಾಗಿ, ಅರ್ಜಿ ಸಲ್ಲಿಸುವವನಾಗಿ. ಈ ಮೂರರಲ್ಲಿಯೂ ಸೇರದವನು ಅಧ್ಯಯನದಿಂದಲೂ ಹೊರಗುಳಿಯುತ್ತಾನೆ ಎಂಬುದು ಪ್ರಸ್ತುತ ಲೇಖನದ ವಾದ.

ಶಾಸನಗಳು ಕಂಡ ಬಡವ

ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ (1902) ಮತ್ತು ಎಂಟನೆಯ (1904) ಸಂಪುಟಗಳಲ್ಲಿ ಕ್ರಮವಾಗಿ ಶಿಕಾರಿಪುರ ಹಾಗೂ ಸೊರಬದ ಶಾಸನಗಳು ಪ್ರಕಟವಾದವು. ಇವುಗಳಲ್ಲಿ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಪ್ರಸಿದ್ಧವಾದುದು. ಕಾಂಚಿಯಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ನಡೆದ ಕಲಹದಿಂದ ಅವಮಾನಿತನಾದ ಮಯೂರಶರ್ಮನು ಶಸ್ತ್ರ ಹಿಡಿದ ವೃತ್ತಾಂತವನ್ನು ಅದು ಹೇಳುತ್ತದೆ. ವೇಬರನ ಪರಿಭಾಷೆಯಲ್ಲಿ ಇದು ಅಂತಸ್ತಿಗೂ ಅಧಿಕಾರಕ್ಕೂ ನಡುವಣ ಬಿರುಕು. ಆದರೆ ಅವಮಾನವು ಕಲ್ಲಿನ ಮೇಲೆ ಮೂಡಬೇಕಾದರೆ ಅವಮಾನಿತನಿಗೆ ವಿದ್ಯೆಯಿರಬೇಕು, ಮುಂದೆ ಅವನ ವಂಶಕ್ಕೆ ರಾಜ್ಯವೂ ದೊರೆಯಬೇಕು. ಅವೆರಡೂ ಇಲ್ಲದವರ ಅವಮಾನಕ್ಕೆ ಶಾಸನವಿಲ್ಲ.

ಅದೇ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠಕ್ಕೆ ಸಂಬಂಧಿಸಿದ 1162ರ ಶಾಸನವನ್ನು ವಿದ್ಯಾಕೇಂದ್ರದ ವರ್ಣನೆಗಾಗಿ ವಿದ್ವಾಂಸರು ಪದೇ ಪದೇ ಉಲ್ಲೇಖಿಸಿದ್ದಾರೆ. ವೇದ, ವ್ಯಾಕರಣ, ದರ್ಶನಗಳ ಅಧ್ಯಯನದ ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ ರೋಗಿಗಳಿಗೆ ಚಿಕಿತ್ಸೆಯಿತ್ತೆಂದೂ ಅದು ತಿಳಿಸುತ್ತದೆ. ಇದು ಶ್ಲಾಘ್ಯವಾದ ವ್ಯವಸ್ಥೆಯೇ ಸರಿ. ಆದರೆ ಇಲ್ಲಿ ಬಡತನವು ಅಂಗವೈಕಲ್ಯದಂತೆ ವ್ಯಕ್ತಿಗೆ ಅಂಟಿಕೊಂಡ ಲಕ್ಷಣ. ಮಠಕ್ಕೆ ದತ್ತಿಯಾಗಿ ಬಂದ ಭೂಮಿಯನ್ನು ಉತ್ತವರು ಯಾರು, ಉಂಡವರಲ್ಲಿ ಅವರೂ ಇದ್ದರೇ ಎಂಬುದನ್ನು ದಾನಶಾಸನ ಹೇಳಬೇಕಾಗಿಲ್ಲ. ಸೊರಬದಲ್ಲಿ ಹೇರಳವಾಗಿರುವ ವೀರಗಲ್ಲುಗಳು ಮಾತ್ರ ಸಾಮಾನ್ಯರ ಹೆಸರುಗಳನ್ನು ಉಳಿಸಿವೆ. ತುರುಗಳನ್ನು ಮರಳಿಸುವಾಗ ಮಡಿದವನ ಕುಟುಂಬಕ್ಕೆ ನೆತ್ತರುಗೊಡಗೆ ದೊರೆಯುತ್ತಿತ್ತು. ಭೂಮಿ ಪಡೆಯಲು ಸಾಮಾನ್ಯನು ಸಾಯಬೇಕಾಗಿತ್ತು ಎಂಬ ಅರ್ಥವೂ ಈ ಕಲ್ಲುಗಳಲ್ಲಿದೆ.

ಕೊಳಗ ಮತ್ತು ರಸೀದಿ

ಬಡವನು ಹಕ್ಕುದಾರನಾಗಿ ಕಾಣಿಸಿಕೊಂಡದ್ದು ಸೊರಬದ ನೆರೆಯ ಸಾಗರ ತಾಲ್ಲೂಕಿನಲ್ಲಿ. 1951ರ ಕಾಗೋಡು ಸತ್ಯಾಗ್ರಹವನ್ನು ತಾಲ್ಲೂಕಿನ ಗಡಿಯಲ್ಲಿ ನಿಲ್ಲಿಸಿ ನೋಡಲಾಗದು. ದೀವರ ಗೇಣಿದಾರರೂ ಗೇಣಿಯ ಸಂಬಂಧಗಳೂ ಸೊರಬದಲ್ಲಿಯೂ ಅಂಥವೇ ಆಗಿದ್ದವು. ಎಚ್. ಗಣಪತಿಯಪ್ಪನವರ ಸಂಘಟನೆಯಲ್ಲಿ ಬೆಳೆದ ಈ ಹೋರಾಟಕ್ಕೆ ಶಾಂತವೇರಿ ಗೋಪಾಲಗೌಡ ಮೊದಲಾದ ಸಮಾಜವಾದಿಗಳು ನೆರವಾದರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಗೇಣಿ ಅಳೆಯುವ ಕೊಳಗದ ಗಾತ್ರ ಹಾಗೂ ಕೊಟ್ಟ ಗೇಣಿಗೆ ರಸೀದಿ ಇಲ್ಲಿನ ಮುಖ್ಯ ಪ್ರಶ್ನೆಗಳಾಗಿದ್ದವು. ಇವುಗಳನ್ನು ಕೇವಲ ಆರ್ಥಿಕ ಬೇಡಿಕೆಗಳೆಂದು ವರ್ಗೀಕರಿಸುವ ಅಧ್ಯಯನಗಳು ಒಂದು ಸೂಕ್ಷ್ಮವನ್ನು ಬಿಡುತ್ತವೆ. ರಸೀದಿಯಿಲ್ಲದೆ ಕೊಟ್ಟ ಭತ್ತ ಒಡೆಯನಿಗೆ ಒಪ್ಪಿಸಿದ ಕಾಣಿಕೆ. ರಸೀದಿ ಪಡೆದು ಕೊಟ್ಟರೆ ಅದು ಇಬ್ಬರ ನಡುವಣ ಕರಾರು. ವರ್ಗ ಮತ್ತು ಅಂತಸ್ತುಗಳೆರಡೂ ಆ ಒಂದು ಚೀಟಿಯಲ್ಲಿ ಸಂಧಿಸಿದ್ದವು.

ಪ್ರಬಲ ಜಾತಿಯ ಪರಿಕಲ್ಪನೆಯ ಮಿತಿ

ಶ್ರೀನಿವಾಸ ಅವರು ಮೈಸೂರು ಸೀಮೆಯ ರಾಂಪುರದ ಅಧ್ಯಯನದ ಆಧಾರದಿಂದ 1950ರ ದಶಕದಲ್ಲಿ ರೂಪಿಸಿದ ಈ ಪರಿಕಲ್ಪನೆಯಲ್ಲಿ ಸಂಖ್ಯಾಬಲ, ಭೂಮಿ ಮತ್ತು ರಾಜಕೀಯ ಪ್ರಭಾವಗಳು ಒಂದೆಡೆ ಕೂಡುತ್ತವೆ. ಲಿಂಗಾಯತ ಒಕ್ಕಲುಗಳು ಗಣನೀಯವಾಗಿರುವ ಶಿಕಾರಿಪುರದ ಬಯಲು ಭಾಗಕ್ಕೆ ಇದನ್ನು ಬಹುಮಟ್ಟಿಗೆ ಅನ್ವಯಿಸಬಹುದು. ಸೊರಬದಲ್ಲಿ ಚಿತ್ರ ಬೇರೆ. ಅಲ್ಲಿ ಸಂಖ್ಯೆಯುಳ್ಳ ದೀವರು ಬಹುಪಾಲು ಗೇಣಿದಾರರು. ಭೂಮಿ ಬೇರೆಯವರ ಕೈಯಲ್ಲಿತ್ತು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಬಳಿಕವೇ ಸಂಖ್ಯೆ ಮತ್ತು ಭೂಮಿ ಒಂದಾದವು. ಆದರೆ 1967ರಲ್ಲಿಯೇ ಸೊರಬದಿಂದ ಎಸ್. ಬಂಗಾರಪ್ಪನವರು ವಿಧಾನಸಭೆಗೆ ಆಯ್ಕೆಯಾಗಿದ್ದರು. ಅರ್ಥಾತ್, ಇಲ್ಲಿ ರಾಜಕೀಯ ಪ್ರಾತಿನಿಧ್ಯ ಮುಂದೆ ನಡೆದು ಭೂಮಿ ಹಿಂಬಾಲಿಸಿತು. ಪ್ರಬಲ ಜಾತಿಯ ಪರಿಕಲ್ಪನೆ ಪರಿಣಾಮವನ್ನು ವರ್ಣಿಸಬಲ್ಲದು. ಅಲ್ಲಿಗೆ ತಲುಪಿದ ಹಾದಿಯನ್ನು ವಿವರಿಸಲಾರದು.

ಅರ್ಜಿದಾರನ ಉದಯ

ದೇವರಾಜ ಅರಸು ಅವರ ಕಾಲದ ಭೂನ್ಯಾಯಮಂಡಳಿಗಳೆದುರು ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಒಡೆತನ ಪಡೆದನು. ಗೇಣಿಯೂ ಇಲ್ಲದೆ ಸರ್ಕಾರಿ ಭೂಮಿಯನ್ನು ಉತ್ತವರಿಗಾಗಿ ಭೂಕಂದಾಯ ಕಾಯಿದೆಗೆ 1991ರಲ್ಲಿ 94–ಎ ಪ್ರಕರಣ ಸೇರಿ ನಮೂನೆ 50 ಬಂದಿತು; ಅನಂತರ ನಮೂನೆ 53, 2018ರಲ್ಲಿ ನಮೂನೆ 57. ಬಗರ್‌ಹುಕುಂ ಸಾಗುವಳಿದಾರರ ಪ್ರಶ್ನೆ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರ ರಾಜಕಾರಣಕ್ಕೂ ಮುಖ್ಯ ನೆಲೆಯಾಯಿತು. ನೆರೆಹೊರೆಯ ಎರಡು ತಾಲ್ಲೂಕುಗಳು ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟದ್ದಕ್ಕೂ ಈ ಭೂಪ್ರಶ್ನೆಗೂ ಇರುವ ಸಂಬಂಧ ಸ್ವತಂತ್ರ ಅಧ್ಯಯನಕ್ಕೆ ಯೋಗ್ಯವಾದುದು.

ನ್ಯಾಯಮಂಡಳಿಗೂ ಸಕ್ರಮ ಸಮಿತಿಗೂ ನಡುವಣ ವ್ಯತ್ಯಾಸವನ್ನು ನಮ್ಮ ಬರಹಗಳು ಸಾಕಷ್ಟು ಗುರುತಿಸಿಲ್ಲ. ಮೊದಲನೆಯದು ಇರುವ ಸಂಬಂಧವನ್ನು ವಿಚಾರಿಸಿ ತೀರ್ಪು ಕೊಡುತ್ತಿತ್ತು. ಶಾಸಕರ ಅಧ್ಯಕ್ಷತೆಯ ಎರಡನೆಯದು ಅಕ್ರಮವೆಂದು ಒಪ್ಪಿಕೊಂಡವನಿಗೆ ಮಂಜೂರಾತಿ ಕೊಡುತ್ತದೆ. ಹಕ್ಕು ಮತ್ತೆ ಅನುಗ್ರಹದ ಕಡೆಗೆ ಜಾರುವುದು ಇಲ್ಲಿ. ಕಾಗೋಡಿನಲ್ಲಿ ರಸೀದಿ ಕೇಳಿದವರಂತೆಯೇ ಬಡವರಾದವರು ಸ್ವೀಕೃತಿ ಪತ್ರವನ್ನು ಜೋಪಾನವಾಗಿಟ್ಟುಕೊಂಡು ಕಾಯುತ್ತಾರೆ. ಅಡಕೆ ತೋಟದವನಿಗೆ ಕಾಡಿನಲ್ಲಿ ಸೊಪ್ಪಿನಬೆಟ್ಟ ದೊರೆತರೆ ದಾಖಲೆ ಅದನ್ನು ಸೌಲಭ್ಯವೆನ್ನುತ್ತದೆ. ಕಾಡಂಚಿನಲ್ಲಿ ಬಡವನು ಜೋಳ ಬಿತ್ತಿದರೆ ಅದೇ ದಾಖಲೆ ಒತ್ತುವರಿಯೆನ್ನುತ್ತದೆ. ಶ್ರೇಣೀಕರಣವು ದಾಖಲೆಯ ಪದಗಳಲ್ಲಿಯೇ ಕೆಲಸ ಮಾಡುತ್ತಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹೊರಗುಳಿದವರು

ಗೇಣಿದಾರನಲ್ಲದ, ಸಾಗುವಳಿಗೆ ತುಂಡು ನೆಲವೂ ಇಲ್ಲದ ಕೂಲಿಯವನು ಯಾವ ನಮೂನೆ ತುಂಬಬೇಕು? ಜೀತ ಪದ್ಧತಿಯನ್ನು 1976ರ ಕಾಯಿದೆ ರದ್ದುಗೊಳಿಸಿತು. ಆದರೆ ಜೀತದಾಳು ಉತ್ತ ಗದ್ದೆಗೆ ಅವನು ಗೇಣಿದಾರನಾಗಲಿಲ್ಲ. ಉಳುವವನೇ ಹೊಲದೊಡೆಯನೆಂಬ ಘೋಷಣೆಯಲ್ಲಿ ಉಳುವವನೆಂದರೆ ಗೇಣಿ ಕೊಡುವವನೇ ಹೊರತು ನೇಗಿಲು ಹಿಡಿದವನಲ್ಲ. ನಾಟಿ, ಕಳೆ, ಕೊಯ್ಲುಗಳನ್ನು ಮಾಡುವ ಹೆಣ್ಣಂತೂ ಆ ಪದದ ವ್ಯಾಕರಣದಲ್ಲಿಯೇ ಇಲ್ಲ. ಭೂಮಿಯ ಲೆಕ್ಕಕ್ಕೆ ಸಿಗದ ಅಸಮಾನತೆಯೂ ಉಂಟು. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆತ್ತಲೆಸೇವೆಯ ಸಂಬಂಧ ನಡೆದ ಸಂಘರ್ಷ ನಾಡಿನ ಗಮನ ಸೆಳೆಯಿತು. ಆ ಸೇವೆ ನಿಷೇಧಕ್ಕೊಳಗಾಯಿತು. ಅದನ್ನು ಸಲ್ಲಿಸುತ್ತಿದ್ದವರಲ್ಲಿ ಕೆಳಸ್ತರದ ಕುಟುಂಬಗಳವರೇ ಹೆಚ್ಚಾಗಿದ್ದುದನ್ನು ಮೂಢನಂಬಿಕೆ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸಮಾಜಶಾಸ್ತ್ರವಲ್ಲ. ಒಳಮೀಸಲಾತಿಯ ನಿರ್ಧಾರದ ವಿರುದ್ಧ 2023ರ ಮಾರ್ಚ್‌ನಲ್ಲಿ ಶಿಕಾರಿಪುರದಲ್ಲಿ ನಡೆದ ಬಂಜಾರರ ಪ್ರತಿಭಟನೆ, ಪರಿಶಿಷ್ಟ ಜಾತಿಯೆಂಬ ಒಂದೇ ಶೀರ್ಷಿಕೆಯ ಒಳಗಣ ಅಂತರಗಳನ್ನೂ ಪರಿಶೀಲಿಸಬೇಕೆಂಬುದನ್ನು ನೆನಪಿಸಿತು.

ಉಪಸಂಹಾರ

ಅಮರ್ತ್ಯ ಸೇನ್ ಅವರು 1981ರ ತಮ್ಮ ಕ್ಷಾಮ ಕುರಿತ ಗ್ರಂಥದಲ್ಲಿ, ಆಹಾರವಿದೆಯೇ ಎಂಬುದಕ್ಕಿಂತ ಅದನ್ನು ಪಡೆಯುವ ಅಧಿಕಾರ ಯಾರಿಗಿದೆ ಎಂಬುದೇ ನಿರ್ಣಾಯಕವೆಂದು ತೋರಿಸಿದರು. ಕೋಡಿಯಮಠದ ಅನ್ನಕ್ಕೂ 2013ರ ಆಹಾರ ಭದ್ರತಾ ಕಾಯಿದೆಯ ಅನ್ನಕ್ಕೂ ಇರುವ ಭೇದ ಈ ಅಧಿಕಾರದ್ದು. ಆದುದರಿಂದ ಈ ಸೀಮೆಯ ಸಂಶೋಧಕರು ಭೂನ್ಯಾಯಮಂಡಳಿಯ ಕಡತಗಳನ್ನು ಓದುವಾಗ ಗೆದ್ದ ಗೇಣಿದಾರನ ಹೆಸರಿನೊಂದಿಗೆ, ಆ ಗದ್ದೆಯಲ್ಲಿ ದುಡಿದೂ ಅರ್ಜಿ ಹಾಕಲಾಗದವರನ್ನು ಹುಡುಕಬೇಕಾಗಿದೆ. ಅವರ ಹೆಸರು ಕಡತದಲ್ಲಿ ದೊರೆಯದು. ಕೇರಿಯ ಹಿರಿಯರ ಬಾಯಲ್ಲಿ ದೊರೆಯಬಹುದು. 1974ರಲ್ಲಿ ಪ್ರಾಯದವರಾಗಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ಅವರೊಡನೆ ಆ ದಾಖಲೆಯೂ ಅಳಿಯುವ ಮೊದಲು ಕ್ಷೇತ್ರಕಾರ್ಯ ನಡೆಯಬೇಕಾದುದು ಅವಶ್ಯ.