ಮೂರು ದಿನದ ಎಟಿಪಿ

ಎರಡನೆಯ ಮಹಾಯುದ್ಧದ ಕೊನೆಯ ಹಂತದಲ್ಲಿ ಕೋಲಾರದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆಯೊಂದಿತ್ತು ಎಂದರೆ ಇವತ್ತು ಟೊಮೆಟೊ ಮಂಡಿಯಲ್ಲಿ ನಿಂತವರು ನಂಬುವುದು ಕಷ್ಟ. 1673ನೇ ಹೆವಿ ಕನ್ವರ್ಷನ್ ಯುನಿಟ್ ಅಲ್ಲಿ ಬೀಡುಬಿಟ್ಟಿತ್ತು. ಎರಡು ಎಂಜಿನ್ನಿನ ವೆಲ್ಲಿಂಗ್ಟನ್‌ಗಳಲ್ಲಿ ಪಳಗಿದವರನ್ನು ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್‌ಗೆ ಒಗ್ಗಿಸಿ ಬರ್ಮಾ ಕಡೆಗೆ ಕಳಿಸುವುದು ಅದರ ಕೆಲಸ. ಲಿಬರೇಟರ್‌ನ ರೆಕ್ಕೆ ತುದಿಯಿಂದ ತುದಿಗೆ 110 ಅಡಿ, ಎಂಜಿನ್ ಒಂದೊಂದಕ್ಕೂ 1200 ಅಶ್ವಶಕ್ತಿ. ಯುದ್ಧಕಾಲ, ತುರ್ತು ಇತ್ತು. ಆದರೂ ಹಾರಲು ಬಾರದವರನ್ನು ಕೋಲಾರಕ್ಕೆ ಕಳಿಸುತ್ತಿರಲಿಲ್ಲ. ಬಂದವರಿಗೆ ಹಾರಾಟ ಆಗಲೇ ಗೊತ್ತಿತ್ತು, ಕಲಿಯಬೇಕಾಗಿದ್ದದ್ದು ಯಂತ್ರ. ಕಲಿಕೆ ಚುರುಕಾಗಿ ಮುಗಿಯುತ್ತಿದ್ದದ್ದು ಹಾಗಾಗಿ.

ಇದನ್ನು ಎತ್ತಿದ್ದಕ್ಕೆ ಕಾರಣವಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ಈಗ ಪೈಲಟ್ ಆಗಬೇಕೆನ್ನುವ ಮಕ್ಕಳಿದ್ದಾರೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವರಿಗೆ ದಾರಿ ತೆರೆದಿದೆ. ದೇವನಹಳ್ಳಿಯ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ವಿಮಾನ ನಮ್ಮ ಪಕ್ಕದ ಊರಿನ ಸಂಗತಿಯಾಗಿದೆ, ಜಕ್ಕೂರಿನ ಸರ್ಕಾರಿ ತರಬೇತಿ ಶಾಲೆಯೂ ದೂರವಲ್ಲ. ದುಡ್ಡಿನ ಮಾತು ಬಂದಾಗ ಮಾವಿನ ತೋಪಿನ ಪಹಣಿ ಬ್ಯಾಂಕಿನ ಮೇಜಿಗೆ ಹೋಗುತ್ತದೆ. ಹೀಗೆ ಹೊರಟವರಲ್ಲಿ ಕೆಲವರು ಅಮೆರಿಕದಲ್ಲಿ ನೆಲೆಯೂರಿದ್ದಾರೆ. ಅವರ ಕಣ್ಣಿಗೆ ಬೀಳುವ ಜಾಹೀರಾತು ಒಂದೇ ಥರದ್ದು: ಶುಕ್ರವಾರ ಬನ್ನಿ, ಭಾನುವಾರ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್ ಹಿಡಿದು ಹೋಗಿ. ಅಮೆರಿಕದಲ್ಲಿ ಇದನ್ನು ಎಟಿಪಿ ಎನ್ನುತ್ತಾರೆ, ನಮ್ಮಲ್ಲಿ ಎಟಿಪಿಎಲ್. ಕೋಲಾರದ ಹಾಗೆ ಚುರುಕಾಗಿ ಮುಗಿಸುವ ಈ ಪದ್ಧತಿ ಎಷ್ಟು ಸರಿ ಎಂಬುದು ಇಲ್ಲಿಯ ವಿಷಯ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ 200 ಗಂಟೆ ಹಾರಿ ಕಮರ್ಷಿಯಲ್ ಲೈಸೆನ್ಸ್ ಪಡೆದವರು ಏರ್‌ಲೈನ್ ವಿಮಾನದ ಬಲಗಡೆ ಸೀಟಿನಲ್ಲಿ ಕೋ-ಪೈಲಟ್ ಆಗಿ ಕೂರಬಹುದು. 1500 ಗಂಟೆ ತುಂಬಿಸಿ, ಪರೀಕ್ಷೆಗಳನ್ನು ಮುಗಿಸಿ ಪಡೆಯುವ ಎಟಿಪಿಎಲ್ ಎಡಗಡೆ ಸೀಟಿನ, ಅಂದರೆ ಕ್ಯಾಪ್ಟನ್ ಸ್ಥಾನದ ಬಾಗಿಲು. ಅಮೆರಿಕದಲ್ಲಿ 2013ರಿಂದ ಏರ್‌ಲೈನ್‌ನ ಬಲಗಡೆ ಸೀಟಿಗೂ ಎಟಿಪಿಯೇ ಬೇಕು. ವಿಶ್ವವಿದ್ಯಾಲಯದಲ್ಲಿ ವಿಮಾನಯಾನ ಓದಿದವರಿಗೆ, ಸೇನೆಯಿಂದ ಬಂದವರಿಗೆ ಗಂಟೆಯಲ್ಲಿ ಒಂದಿಷ್ಟು ರಿಯಾಯಿತಿ ಇದೆ, ಅಷ್ಟೇ. ಹಾಗಾಗಿ ಅಲ್ಲಿಯ ಹುಡುಗ ಸಣ್ಣ ವಿಮಾನದಲ್ಲಿ ಶಿಷ್ಯರಿಗೆ ಪಾಠ ಹೇಳುತ್ತ 1500 ಗಂಟೆ ಕೂಡಿಸಿ ಈ ತ್ವರಿತ ಕೋರ್ಸಿಗೆ ಬರುತ್ತಾನೆ. ಇಲ್ಲಿಯ ಹುಡುಗ ಏರ್‌ಬಸ್ಸಿನಲ್ಲೇ ಕೂತು ಅಷ್ಟೇ ಗಂಟೆ ಕೂಡಿಸಿರುತ್ತಾನೆ. ಲೈಸೆನ್ಸಿನ ಹೆಸರು ಒಂದೇ, ಅನುಭವದ ಜಾತಿ ಬೇರೆ.

ಅಮೆರಿಕದ ಕಟ್ಟುನಿಟ್ಟಿಗೆ ಕಾರಣ 2009ರ ಫೆಬ್ರುವರಿ 12ರ ರಾತ್ರಿ. ಬಫಲೋ ನಗರದ ಹತ್ತಿರ ಕೋಲ್ಗನ್ ಏರ್‌ನ ವಿಮಾನ ಮನೆಯೊಂದರ ಮೇಲೆ ಬಿದ್ದು, ಒಳಗಿದ್ದ 49 ಜನರೂ ಮನೆಯಲ್ಲಿದ್ದ ಒಬ್ಬರೂ ಸತ್ತರು. ವೇಗ ಕುಸಿದು, ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ಸ್ಟಾಲ್ ಹತ್ತಿರವಾದಾಗ ಕಂಟ್ರೋಲ್ ಕಾಲಮ್ ತಾನಾಗಿ ನಡುಗಿ ಎಚ್ಚರಿಸಿತು. ಮೂತಿ ತಗ್ಗಿಸಬೇಕಾಗಿದ್ದ ಕ್ಯಾಪ್ಟನ್ ಎಳೆದು ಎತ್ತಿದರು. ಆಮೇಲೆ ಬಂದ ಕಾನೂನು 1500 ಗಂಟೆಯ ನಿಯಮ ತಂದಿತು. ಆದರೆ ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1500 ಗಂಟೆಗಿಂತ ಹೆಚ್ಚೇ ಅನುಭವವಿತ್ತು! ಗಂಟೆ ಎಣಿಸುವುದು ಸುಲಭ, ಶಾಸನಸಭೆಗೆ ಅದು ಅರ್ಥವೂ ಆಗುತ್ತದೆ. ರೋಗ ಇದ್ದದ್ದು ಬೇರೆ ಕಡೆ.

ಎಲ್ಲಿ? ನನ್ನ ಪ್ರಕಾರ ಚೆಕ್‌ರೈಡ್‌ನಲ್ಲೇ, ಅಂದರೆ ಎಕ್ಸಾಮಿನರ್ ಎದುರು ಹಾರಿ ತೋರಿಸುವ ಪರೀಕ್ಷೆಯಲ್ಲೇ. ಆಗಿನ ಸ್ಟಾಲ್ ಪರೀಕ್ಷೆಯಲ್ಲಿ ಎತ್ತರ ಆದಷ್ಟು ಕಡಿಮೆ ಕಳೆದುಕೊಂಡು ವಿಮಾನವನ್ನು ಸರಿಪಡಿಸಬೇಕಿತ್ತು. ನೂರು ಅಡಿ ದಾಟಿದರೆ ಫೇಲ್ ಎಂಬಂತೆ ಎಷ್ಟೋ ಕಡೆ ಕಲಿಸುತ್ತಿದ್ದರು. ಎತ್ತರ ಉಳಿಸಲು ಹೋದ ಕೈ ಮೂತಿಯನ್ನು ತಗ್ಗಿಸಲು ಹಿಂಜರಿಯುತ್ತದೆ. ಪರೀಕ್ಷೆ ಏನನ್ನು ಅಳೆಯುತ್ತದೋ ಕೈ ಅದನ್ನೇ ಕಲಿಯುತ್ತದೆ. ಅಮೆರಿಕದ ವಿಮಾನಯಾನ ಆಡಳಿತಕ್ಕೆ ಇದು ಅರ್ಥವಾಗಿ, 2012ರಲ್ಲಿ ಸೂಚನೆಯನ್ನೇ ಬದಲಿಸಿತು: ಮೊದಲು ಮೂತಿ ತಗ್ಗಿಸು, ರೆಕ್ಕೆಗೆ ಗಾಳಿ ಸರಿಯಾಗಿ ಸಿಗಲಿ, ಎತ್ತರದ ಲೆಕ್ಕ ಆಮೇಲೆ. 2014ರ ಆಗಸ್ಟ್‌ನಿಂದ ಎಟಿಪಿ ಬರಹದ ಪರೀಕ್ಷೆಗೆ ಕೂರುವ ಮೊದಲೇ ಸಿಟಿಪಿ ಎಂಬ ಕೋರ್ಸ್ ಕಡ್ಡಾಯವಾಯಿತು. ತರಗತಿಯಲ್ಲಿ 30 ಗಂಟೆ, ಸಿಮ್ಯುಲೇಟರ್‌ನಲ್ಲಿ 10 ಗಂಟೆ, ಅದರಲ್ಲಿ 6 ಗಂಟೆ ದೊಡ್ಡ ವಿಮಾನದಂತೆಯೇ ಅಲುಗಾಡುವ ಪೂರ್ಣ ಸಿಮ್ಯುಲೇಟರ್‌ನಲ್ಲಿ. ಎತ್ತರದ ಆಕಾಶದ ಸ್ಟಾಲ್, ಹಿಮಗಟ್ಟುವಿಕೆ, ಇಬ್ಬರು ಪೈಲಟ್‌ಗಳು ಒಬ್ಬರ ಮಾತು ಒಬ್ಬರು ಕೇಳುವ ಅಭ್ಯಾಸ, ಎಲ್ಲ ಅದರಲ್ಲಿದೆ. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಮೆಚ್ಚುಗೆಯಾದ ಭಾಗ ಇದು. ಇಲ್ಲಿ ಪಾಸು ಫೇಲು ಇಲ್ಲ. ಇಲ್ಲದಿರುವುದರಿಂದಲೇ ಜನ ನಿರಾಳವಾಗಿ ಪ್ರಶ್ನೆ ಕೇಳುತ್ತಾರೆ, ಸಿಮ್ಯುಲೇಟರ್‌ನಲ್ಲಿ ಧೈರ್ಯವಾಗಿ ವಿಮಾನವನ್ನು ಕೆಡಿಸಿ ನೋಡುತ್ತಾರೆ.

ಅದರ ಬೆನ್ನಿಗೇ ಬರುವ ಬರಹದ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 125 ಪ್ರಶ್ನೆ, ನಾಲ್ಕು ಗಂಟೆ, 70 ಅಂಕ ಬಂದರೆ ಪಾಸು. ಪ್ರಶ್ನೆಭಂಡಾರ ಮಾರುವ ಕಂಪನಿಗಳಿವೆ. ಪ್ರಶ್ನೆಯ ಮೊದಲ ಸಾಲು ನೋಡಿದೊಡನೆ ಉತ್ತರದ ಅಕ್ಷರ ಹೊಳೆಯುವ ತನಕ ಉರು ಹೊಡೆಯುತ್ತಾರೆ. ಎಸ್ಸೆಸ್ಸೆಲ್ಸಿ ಗೈಡಿನ ದಿನಗಳನ್ನು ಕಂಡ ನಮಗೆ ಇದು ಹೊಸದಲ್ಲ. ತಮಾಷೆಯೆಂದರೆ ಬುದ್ಧಿವಂತ ಇನ್‌ಸ್ಟ್ರಕ್ಟರ್‌ಗಳೇ ಉರು ಹೊಡೆಯಿರಿ ಎಂದು ಸಲಹೆ ಕೊಡುತ್ತಾರೆ. ಎಷ್ಟೋ ಪ್ರಶ್ನೆಗಳು ಪರೀಕ್ಷೆ ಬರೆಯುವವರು ಮುಂದೆಂದೂ ಕೂರದ ವಿಮಾನದ ಕೋಷ್ಟಕಗಳಿಂದ ಬಂದಿರುವಾಗ ಆ ಸಲಹೆಯನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ನಡೆಸುವ ಪರೀಕ್ಷೆಯಲ್ಲೂ 70 ಪ್ರತಿಶತ ಬೇಕು. ನೇವಿಗೇಷನ್, ಹವಾಮಾನ ಪತ್ರಿಕೆಗಳು ಕಠಿಣ ಎಂದೇ ಪ್ರಸಿದ್ಧ. ಕಠಿಣವಾಗಿದ್ದ ಮಾತ್ರಕ್ಕೆ ಪ್ರಾಮಾಣಿಕತೆ ಬರುವುದಿಲ್ಲ ಎಂಬುದಕ್ಕೆ 2011ರ ಹಗರಣವೇ ಸಾಕ್ಷಿ. ಗೋವಾದಲ್ಲಿ ವಿಮಾನವೊಂದು ಮೂತಿಯ ಚಕ್ರ ಊರಿ ಇಳಿದದ್ದರ ತನಿಖೆ ನಡೆದಾಗ, ಎಟಿಪಿಎಲ್‌ಗೆ ನಕಲಿ ಅಂಕಪಟ್ಟಿ ಕೊಟ್ಟಿದ್ದ ಸಂಗತಿ ಬಯಲಾಯಿತು. ಒಬ್ಬೊಬ್ಬರಾಗಿ ಇನ್ನೂ ಕೆಲವರು ಸಿಕ್ಕಿಬಿದ್ದರು.

ಇನ್ನು ಮೂರು ದಿನದ ಹಾರಾಟ. ಸಾಮಾನ್ಯವಾಗಿ ಪೈಪರ್ ಸೆಮಿನೋಲ್‌ನಂಥ ಪುಟ್ಟ ಅವಳಿ ಎಂಜಿನ್ ವಿಮಾನ ಕೊಡುತ್ತಾರೆ. ಎಂಜಿನ್‌ಗೆ 180 ಅಶ್ವಶಕ್ತಿ. ಎರಡು ಪ್ರೊಪೆಲರ್‌ಗಳು ವಿರುದ್ಧ ದಿಕ್ಕುಗಳಲ್ಲಿ ತಿರುಗುವುದರಿಂದ ಯಾವ ಎಂಜಿನ್ ಕೈಕೊಟ್ಟರೂ ತೊಂದರೆ ಒಂದೇ ಸಮ. ಒಂದು ಎಂಜಿನ್ ನಿಂತಾಗ ಚೆನ್ನಾಗಿ ಏರುವ ವೇಗ 88 ನಾಟ್, 56ಕ್ಕಿಂತ ಕೆಳಗಿಳಿದರೆ ಕಾಲಿನ ಪೆಡಲ್ ಪೂರ್ತಿ ಒತ್ತಿದರೂ ವಿಮಾನ ನೇರ ನಿಲ್ಲುವುದಿಲ್ಲ. ಕಡಿದಾದ ತಿರುವು, ಸ್ಟಾಲ್, ಸರದಿ ಕಾಯುತ್ತ ಸುತ್ತುವ ಹೋಲ್ಡಿಂಗ್, ಒಂದೇ ಎಂಜಿನ್ನಿನಲ್ಲಿ ರೇಡಿಯೊ ಸಂಕೇತದ ಮುಳ್ಳು ನೋಡುತ್ತ ಮಾಡುವ ಐಎಲ್‌ಎಸ್ ಇಳಿತ, ಇಳಿಯಲಾಗದೆ ಮತ್ತೆ ಏರುವುದು: ಪರೀಕ್ಷೆಯ ಸರಕು ಇಷ್ಟೇ. ಇದರಲ್ಲಿ ಪೈಲಟ್‌ಗೆ ಹೊಸದು ಯಾವುದೂ ಇಲ್ಲ. ಹೊಸದಾಗಿರುವುದು ಅಳತೆ.

ಉಪಕರಣ ನೋಡಿ ಹಾರಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆಯಲ್ಲಿ ಐಎಲ್‌ಎಸ್ ಮುಳ್ಳು ಮುಕ್ಕಾಲು ಭಾಗ ಸರಿದರೂ ಕ್ಷಮೆ ಇದೆ. ಎಟಿಪಿಯಲ್ಲಿ ಕಾಲು ಭಾಗ ಮಾತ್ರ, ವೇಗ ಐದು ನಾಟ್ ಒಳಗೆ. ನೆಲದಿಂದ 200 ಅಡಿಯಲ್ಲಿ, ಇಳಿಯುವುದೋ ಬಿಡುವುದೋ ತೀರ್ಮಾನಿಸುವ ಹೊತ್ತಿಗೆ, ಇಳಿಜಾರಿನ ಮುಳ್ಳಿನ ಕಾಲು ಭಾಗವೆಂದರೆ ಹತ್ತು ಹನ್ನೆರಡು ಅಡಿಯ ಹೆಚ್ಚುಕಡಿಮೆ. ಒಂದು ಎಂಜಿನ್ ಸತ್ತ ಸ್ಥಿತಿಯಲ್ಲಿ, ಹೊರಗಿನದು ಕಾಣದಂತೆ ಕಣ್ಣಿಗೆ ಮುಸುಕು ಹಾಕಿಸಿಕೊಂಡು, ಉಪಕರಣ ಮಾತ್ರ ನೋಡುತ್ತ ಇದನ್ನು ಮಾಡಬೇಕು. ಇದು ಬರೀ ಕಸರತ್ತಲ್ಲ. ಮುಳ್ಳು ಕಾಲು ಭಾಗದೊಳಗೆ ನಿಲ್ಲಬೇಕಾದರೆ ಪೈಲಟ್ ಸರಿದ ಮುಳ್ಳನ್ನು ಹಿಂಬಾಲಿಸಿದರೆ ಆಗದು. ಸರಿಯುವ ಮೊದಲೇ ತಿದ್ದಬೇಕು. ಗಾಳಿ ಎತ್ತಲಿಂದ, ಚಕ್ರ ಇಳಿಸಿದಾಗ ಎಷ್ಟು ಎಳೆತ, ಎಲ್ಲ ಮುಂಚೆ ಗೊತ್ತಿರಬೇಕು. ಈ ಅಳತೆಯ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಇದನ್ನು ಮೂರು ದಿನದಲ್ಲಿ ಕಲಿಯಬಹುದೆಂದು ಮಾರುವ ಬಗ್ಗೆ. ಮಾಲೂರಿನ ಹೆಂಚಿನ ಭಟ್ಟಿಯವರನ್ನು ಕೇಳಿ: ಒಣಗದ ಹೆಂಚನ್ನು ಒಳಗಿಟ್ಟರೆ ಬೆಂಕಿ ಎಷ್ಟು ಚೆನ್ನಾಗಿದ್ದರೂ ಅದು ಸೀಳುತ್ತದೆ. ತ್ವರಿತ ಕೋರ್ಸಿಗೆ ಹೊರಡುವವರ ಒಣಗುವ ಕೆಲಸ ಮನೆಯಲ್ಲಿ, ಖರ್ಚಿಲ್ಲದೆ ಆಗಬೇಕಾದದ್ದು. ಆ ವಿಮಾನದ ಕೈಪಿಡಿಯನ್ನು ತಿಂಗಳ ಮುಂಚೆ ತರಿಸಿಕೊಂಡು ವೇಗಗಳನ್ನು ಬಾಯಿಗೆ ತಂದುಕೊಳ್ಳಬೇಕು. ಕಾಕ್‌ಪಿಟ್ಟಿನ ದೊಡ್ಡ ಚಿತ್ರ ಗೋಡೆಗೆ ಅಂಟಿಸಿ, ಕುರ್ಚಿಯಲ್ಲಿ ಕೂತು, ಎಂಜಿನ್ ಸತ್ತಾಗ ಕೈ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಮಾತನಾಡುತ್ತ ತೋರಿಸಬೇಕು. ಸತ್ತದ್ದು ಯಾವುದೆಂದು ಗುರುತಿಸು, ಅದರ ಥ್ರಾಟಲ್ ಹಿಂದೆಳೆದು ಖಚಿತಪಡಿಸಿಕೋ, ಆಮೇಲೆ ಪ್ರೊಪೆಲರ್‌ನ ಅಲಗನ್ನು ಗಾಳಿಗೆ ಅಂಚು ಮಾಡು. ಖಚಿತಪಡಿಸಿಕೊಳ್ಳದೆ ಅವಸರಪಟ್ಟು ಬದುಕಿದ್ದ ಎಂಜಿನ್ನನ್ನೇ ಆರಿಸಿದವರು ಇತಿಹಾಸದಲ್ಲಿದ್ದಾರೆ. ಕೆಲವು ತಿಂಗಳಿಂದ ಉಪಕರಣ ನೋಡಿ ಹಾರದವರು ಮೊದಲು ಊರಿನ ಸಿಮ್ಯುಲೇಟರ್‌ನಲ್ಲಿ ತುಕ್ಕು ಕಳೆದುಕೊಳ್ಳಲಿ. ಪಾಠ ಹೇಳಿ ಗಂಟೆ ಕೂಡಿಸಿದವರಿಗೆ ಇದು ಮುಖ್ಯ, ಏಕೆಂದರೆ ಆ ಗಂಟೆಗಳಲ್ಲಿ ಬಹುಪಾಲು ವಿಮಾನ ಹಾರಿಸಿದ್ದು ಶಿಷ್ಯ.

ಮೌಖಿಕ ಪರೀಕ್ಷೆಗೆ ನಮ್ಮ ಗಡಿನಾಡಿನವರಿಗೆ ಒಂದು ಅನುಕೂಲವಿದೆ, ಅದನ್ನು ಯಾವ ಕೋಚಿಂಗಿನವರೂ ಹೇಳುವುದಿಲ್ಲ. ಮುಳಬಾಗಿಲಿನ ಮನೆಯಲ್ಲಿ ಬೆಳೆದವರಿಗೆ ತೆಲುಗು ಮನೆಯದು, ಕನ್ನಡ ಶಾಲೆಯದು, ಇಂಗ್ಲಿಷ್ ಪುಸ್ತಕದ್ದು. ಒಂದು ಎಂಜಿನ್ ನಿಂತರೆ ವಿಮಾನ ಏಕೆ ಆ ಕಡೆಗೆ ತಿರುಗಿ ಹೊರಳುತ್ತದೆ ಎಂಬುದನ್ನು ಅಮ್ಮನಿಗೋ ದೊಡ್ಡಪ್ಪನಿಗೋ ಮನೆಮಾತಿನಲ್ಲಿ ಬಿಡಿಸಿ ಹೇಳಲು ಬಂದರೆ ಎಕ್ಸಾಮಿನರ್ ಯಾವ ದಿಕ್ಕಿನಿಂದ ಕೇಳಿದರೂ ಉತ್ತರ ಇರುತ್ತದೆ. ಉರು ಹೊಡೆದದ್ದು ಭಾಷೆ ಬದಲಾದ ಕ್ಷಣ ಕೈಬಿಡುತ್ತದೆ.

ಚೆಕ್‌ರೈಡ್‌ಗೆ ಸಿಗದ ಸಂಗತಿಯೊಂದಿದೆ, ಅದು ನಮ್ಮ ಬೆಂಗಳೂರಿನಲ್ಲೇ ನಡೆದದ್ದು. 1990ರ ಫೆಬ್ರುವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟದೆ ಗಾಲ್ಫ್ ಮೈದಾನದಲ್ಲಿ ಬಿತ್ತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಎಡಗಡೆ ಕೂತವರು ಕ್ಯಾಪ್ಟನ್ ಆಗಲು ತಪಾಸಣೆಯ ಹಾರಾಟ ಕೊಡುತ್ತಿದ್ದರು, ಬಲಗಡೆ ಕೂತವರು ಪರೀಕ್ಷಿಸುತ್ತಲೇ ಕೋ-ಪೈಲಟ್‌ನ ಕೆಲಸವನ್ನೂ ಮಾಡುತ್ತಿದ್ದರು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರು ವಿಚಾರಣೆ ನಡೆಸಿದರು. ಹೊಸ ಏರ್‌ಬಸ್ಸು ಎಂಜಿನ್ ಶಕ್ತಿ ತಗ್ಗಿಸಿ ಇಳಿಯುವ ವಿಧಾನಕ್ಕೆ ಜಾರಿತ್ತು, ವೇಗ ಕುಸಿಯುತ್ತಿತ್ತು, ಇಬ್ಬರೂ ಹೊತ್ತು ಮೀರುವ ತನಕ ಅದನ್ನು ಗಮನಿಸಲಿಲ್ಲ. ಇಬ್ಬರೂ ಸಾವಿರಾರು ಗಂಟೆ ಹಾರಿದವರು. ಒಬ್ಬರ ಮನಸ್ಸು ಪರೀಕ್ಷೆ ಕೊಡುವುದರಲ್ಲಿ, ಇನ್ನೊಬ್ಬರದು ಪರೀಕ್ಷೆ ಮಾಡುವುದರಲ್ಲಿ ಇದ್ದಾಗ ವೇಗದ ಮುಳ್ಳು ಯಾರದು? ಸೆಮಿನೋಲ್‌ನಲ್ಲಿ ಒಬ್ಬರೇ ಹಾರಿ ತೋರಿಸುವ ಎಟಿಪಿ ಪರೀಕ್ಷೆ ಈ ಪ್ರಶ್ನೆಯ ಹತ್ತಿರಕ್ಕೂ ಬರುವುದಿಲ್ಲ. ಏರ್‌ಲೈನ್‌ಗಳು ತಮ್ಮಲ್ಲೇ, ಒಂದು ನಿರ್ದಿಷ್ಟ ಮಾದರಿಯ ವಿಮಾನದ ಟೈಪ್ ರೇಟಿಂಗ್ ಜತೆಗೆ, ಸಿಮ್ಯುಲೇಟರ್‌ನಲ್ಲಿ, ಇಬ್ಬರನ್ನು ಜೋಡಿಯಾಗಿ ಕೂರಿಸಿ ಮಾಡುವ ಎಟಿಪಿ ಪರೀಕ್ಷೆ ಅದರ ಹತ್ತಿರಕ್ಕೆ ಬರುತ್ತದೆ. ಆಯ್ಕೆ ಇರುವವರು ಅದನ್ನೇ ಆರಿಸಿಕೊಳ್ಳುವುದು ಮೇಲು.

ಆಯ್ಕೆ ಇಲ್ಲದೆ ಮೂರು ದಿನದ ಕೋರ್ಸಿಗೇ ಹೋಗುವವರು ಹಣ ಕಟ್ಟುವ ಮೊದಲು ಶಾಲೆಗೆ ಒಂದು ವಿಷಯ ಕೇಳಬೇಕು: ಎರಡನೇ ದಿನ ಸಂಜೆ ನಾನು ತಯಾರಿಲ್ಲ ಎಂದು ನಿಮ್ಮ ಇನ್‌ಸ್ಟ್ರಕ್ಟರ್‌ಗೇ ಅನ್ನಿಸಿದರೆ ಏನು ಮಾಡುತ್ತೀರಿ, ಎಕ್ಸಾಮಿನರ್ ಫೀಸು ಮತ್ತು ವಿಮಾನದ ಬಾಡಿಗೆ ಯಾರ ತಲೆಗೆ? ಭಾನುವಾರದ ವಾಪಸ್ ಟಿಕೆಟ್ ಬುಕ್ ಆಗಿರುವಾಗ, ಊರಲ್ಲಿ ಸಾಲದ ಕಂತು ಓಡುತ್ತಿರುವಾಗ, ಮುಂದೂಡೋಣ ಎನ್ನುವ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಮುಂದೂಡಿದರೆ ದಂಡವಿಲ್ಲ ಎಂದು ಬರೆದು ಕೊಡುವ ಶಾಲೆ ಸಿಕ್ಕಿದರೆ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಅಲ್ಲಿಗೇ ಸೇರಲಿ, ವಾಪಸ್ ಟಿಕೆಟ್ಟನ್ನು ಮಾತ್ರ ಬುಧವಾರಕ್ಕೆ ತೆಗೆಸಲಿ.