ಬೇಸಿಗೆ ಮಳೆಗೆ ಸಿಕ್ಕ ಗ್ರೀನ್

ಏಪ್ರಿಲ್, ಮೇ ಅಂದರೆ ಬೆಂಗಳೂರಿನಲ್ಲಿ ಬರ್ಮುಡಾ ಹುಲ್ಲು ಮೈತುಂಬಿ ಬೆಳೆಯುವ ಕಾಲ. ಬಿಸಿಲು ಏರಿದಷ್ಟೂ ಅದಕ್ಕೆ ಹುರುಪು. ಹಾಗಾಗಿಯೇ ಗಾಲ್ಫ್ ಮೈದಾನದ ದೊಡ್ಡ ಕೆಲಸಗಳಿಗೆ ಬೇಸಿಗೆಯೇ ಸರಿಯಾದ ಹೊತ್ತು. ಕುಳಿಯ ಸುತ್ತಲಿನ ನುಣುಪು ಹುಲ್ಲಿನಂಗಳವಾದ ಗ್ರೀನ್ ತುಂಬ ತೂತು ಹೊಡೆದು ಮಣ್ಣು ಕಿತ್ತು, ಮರಳು ತುಂಬಿ, ಗೊಬ್ಬರ ಕೊಟ್ಟರೆ ಕೆಲವೇ ವಾರಗಳಲ್ಲಿ ಹುಲ್ಲು ಕೂಡಿಕೊಳ್ಳುತ್ತದೆ. 2025ರ ಮೇ ತಿಂಗಳು ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ನಗರದಲ್ಲಿ 307.9 ಮಿ.ಮೀ. ಮಳೆ ಸುರಿದು, 2023ರ ಮೇ ದಾಖಲೆಯೂ ಹಿಂದೆ ಬಿತ್ತು. ಜೂನ್ 1ರ ಹೊತ್ತಿಗೆ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂದುಬಿಟ್ಟಿತು.

ಮಳೆ ಹುಲ್ಲಿಗೆ ಒಳ್ಳೆಯದಲ್ಲವೇ ಎಂದು ಆಟ ಆಡದವರು ಕೇಳುತ್ತಾರೆ. ಹಿತ್ತಲಿನ ಹುಲ್ಲಿಗೆ ಒಳ್ಳೆಯದೇ. ಗ್ರೀನ್ ಮೇಲಿನ ಹುಲ್ಲು ಮೂರ್ನಾಲ್ಕು ಮಿ.ಮೀ. ಎತ್ತರಕ್ಕೆ ಕತ್ತರಿಸಿಕೊಳ್ಳುತ್ತಲೇ ಬದುಕುವಂಥದು. ಅಷ್ಟು ಚಿಕ್ಕ ಎಲೆಗೆ ಮೋಡ ಕವಿದ ದಿನವೆಲ್ಲ ಉಪವಾಸ. ಕೆಳಗೆ ಮಣ್ಣಿನ ಸಂದುಗಳಲ್ಲಿ ನೀರು ನಿಂತು, ಬೇರಿಗೆ ಗಾಳಿ ಸಿಗದೆ ಅದು ಮೊಟಕಾಗುತ್ತದೆ. ಆಮೇಲೆ ಒಂದು ದಿನ ಚುರುಕು ಬಿಸಿಲು ಬಿದ್ದರೆ ಸಾಕು, ಬುಡದಲ್ಲಿ ನೀರಿದ್ದೂ ಹುಲ್ಲು ಬಾಡುತ್ತದೆ. ಅದನ್ನು ನೋಡಿ ಸ್ಪ್ರಿಂಕ್ಲರ್ ಜೋರಾಗಿ ಬಿಟ್ಟರೆ ಕತೆ ಮುಗಿಯಿತು.

ನನಗೆ ನಂಬಿಕೆಯಿರುವುದು ಚೆಂಡು ಬೀಳುವ ಕಪ್‌ನ ಜಾಗ ಬದಲಿಸುವಾಗ ಹೊರಬರುವ ಮಣ್ಣಿನ ಉಂಡೆಯ ಮೇಲೆ. ಮಾಲಿಯ ಕೈಯಲ್ಲಿರುವ ಆ ಉಂಡೆಯನ್ನು ಒಮ್ಮೆ ಕೇಳಿ ನೋಡಿ. ಬಿಳಿ ಬೇರು ಉದ್ದಕ್ಕೆ ಇಳಿದಿದ್ದರೆ ಗ್ರೀನ್ ಮಳೆಯನ್ನು ತಡೆದುಕೊಳ್ಳುತ್ತದೆ. ನಡುವೆ ಕಪ್ಪು ಪದರ ಕಟ್ಟಿ, ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಒಳಗೆ ಉಸಿರು ಕಟ್ಟಿದೆ ಎಂದರ್ಥ. ಮೇಲಿನ ಬಣ್ಣ ಎಷ್ಟೇ ಚೆನ್ನಾಗಿದ್ದರೂ ನಂಬುವಂತಿಲ್ಲ. ಕಬ್ಬಿಣದ ಅಂಶ ಸಿಂಪಡಿಸಿದರೆ ಸೊರಗಿದ ಹುಲ್ಲೂ ಹಸಿರಾಗಿ ಕಾಣುತ್ತದೆ.

ಗ್ರೀನ್ ಮಳೆಯನ್ನು ತಡೆದುಕೊಳ್ಳುತ್ತದೆಯೇ ಎಂಬುದು ಬಹುಪಾಲು ಅದನ್ನು ಕಟ್ಟಿದ ದಿನವೇ ತೀರ್ಮಾನವಾಗಿರುತ್ತದೆ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲಿ ಪ್ರಕಟಿಸಿದ ವಿಧಾನದ ಪ್ರಕಾರ ಮೇಲೆ ಒಂದಡಿ ಮರಳು ಬೆರೆತ ಪದರ, ಅದರಡಿ ನಾಲ್ಕಂಗುಲ ಜಲ್ಲಿ, ತಳದಲ್ಲಿ ತೂತಿನ ಪೈಪು. ಊರ ಮಣ್ಣನ್ನೇ ಒಟ್ಟಿ ಕಟ್ಟಿದ ಹಳೆಯ ಗ್ರೀನ್‌ಗಳಿಗೆ ಆ ಸೌಕರ್ಯವಿಲ್ಲ. ನೀರು ಇಳಿಜಾರಿನಲ್ಲೇ ಹರಿದು ಹೋಗಬೇಕು. ಜಾಗವೂ ಮುಖ್ಯ. 1876ರ ಬೆಂಗಳೂರು ಗಾಲ್ಫ್ ಕ್ಲಬ್ ಹೈಗ್ರೌಂಡ್ಸ್‌ನ ಏರುತಗ್ಗಿನಲ್ಲಿದೆ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಚಲ್ಲಘಟ್ಟದ ಕೆರೆಯಂಗಳದಲ್ಲಿ ಎದ್ದದ್ದು. ಒಂದೇ ಮಳೆ ಎರಡೂ ಕಡೆ ಒಂದೇ ಥರ ನಡೆದುಕೊಳ್ಳುವುದಿಲ್ಲ.

ಇಂಥ ಬೇಸಿಗೆಯಲ್ಲಿ ಒಳ್ಳೆಯ ಗ್ರೀನ್ ಕೀಪರ್‌ನ ಹೆಚ್ಚುಗಾರಿಕೆ ಕಾಣುವುದು ಅವನು ಮಾಡದೆ ಬಿಟ್ಟ ಕೆಲಸದಲ್ಲಿ. ಒದ್ದೆ ನೆಲಕ್ಕೆ ಅವನು ಭಾರದ ಯಂತ್ರ ಇಳಿಸುವುದಿಲ್ಲ. ಬ್ಲೇಡನ್ನು ಕೂದಲೆಳೆಯಷ್ಟು ಮೇಲೇರಿಸಿ, ಕೈಯಲ್ಲಿ ತಳ್ಳುವ ಮೋವರ್ ಬಳಸುತ್ತಾನೆ. ಶಿಲೀಂಧ್ರ ಕಾಣಿಸಿಕೊಳ್ಳುವ ಮೊದಲೇ ಬೆಳಗಿನ ಇಬ್ಬನಿಯನ್ನು ಕೋಲಿನಿಂದ ಬಡಿದು ಇಳಿಸುತ್ತಾನೆ. ಬಂಕರ್‌ನ ಏರಿಯಿಂದ ಕೊಚ್ಚಿಹೋದ ಮರಳನ್ನು ಹುಡುಗರು ಸಲಿಕೆಯಲ್ಲಿ ಮತ್ತೆ ಮತ್ತೆ ಮೇಲೆತ್ತುತ್ತಾರೆ. ಅದು ಸೊಂಟ ಮುರಿಯುವ ಕೆಲಸ, ಮರುದಿನದ ಮಳೆಗೆ ಅಷ್ಟೂ ವ್ಯರ್ಥ. ಆ ಹುಡುಗರಿಗೆ ಗದರುವ ಸದಸ್ಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆಟಗಾರರು ತಕರಾರು ತೆಗೆಯುವುದಕ್ಕೂ ಕಾರಣವಿಲ್ಲ. ತಾತ್ಕಾಲಿಕವಾಗಿ ನಿಂತ ನೀರಿನಿಂದ ದಂಡವಿಲ್ಲದೆ ಚೆಂಡು ಎತ್ತಿ ಇಡಲು ನಿಯಮ 16.1 ಅವಕಾಶ ಕೊಡುತ್ತದೆ. ಕಾರ್ಟನ್ನು ದಾರಿಯ ಮೇಲೇ ಬಿಟ್ಟು ನಡೆಯಬಹುದು. ಮೆತ್ತಗಾದ ಗ್ರೀನ್‌ನಲ್ಲಿ ಚೆಂಡು ಬಿದ್ದ ಗುಳಿ ಆಳವಾಗಿರುತ್ತದೆ. ಫೋರ್ಕನ್ನು ನಡುವಿಗೆ ಚುಚ್ಚಿ ಮೇಲೆತ್ತಿದರೆ ಬೇರು ಹರಿಯುತ್ತದೆ, ಅಂಚಿನಿಂದ ಒಳಕ್ಕೆ ಒತ್ತಬೇಕು.

ಕ್ಲಬ್ ಸಮಿತಿಯವರಿಗೆ ನನ್ನ ಕೇಳಿಕೆ ಒಂದೇ. ಮಳೆ ನಡುವೆ ನಾಲ್ಕು ದಿನ ಹೊಳವಾದರೆ ಅದನ್ನು ಟೂರ್ನಮೆಂಟಿಗೆ ಕೊಡಬೇಡಿ. ಸಣ್ಣ ಮೊಳೆಗಳಿಂದ ಗ್ರೀನ್‌ಗೆ ತೂತು ಹೊಡೆದು, ಒಣ ಮರಳು ತೆಳ್ಳಗೆ ಹರಡಿ, ಒಂದೆರಡು ದಿನ ಬಾಗಿಲು ಹಾಕಿರಲಿ.