ಅದೇ ಪ್ರಶ್ನೆ, ಅದೇ ಉತ್ತರ: ಹೋರೇಬಿನ ಗುಹೆಯಲ್ಲಿ ಎಲೀಯ

ಬೈಬಲಿನಲ್ಲಿ ಸೋತವರಿಗೆ ಸಿಗುವ ಕರುಣೆ ಅಂದಕೂಡಲೇ ನಮಗೆ ದಾವೀದನೋ ಪೇತ್ರನೋ ನೆನಪಾಗ್ತಾರೆ. ಇಬ್ಬರೂ ತಪ್ಪು ಮಾಡಿದರು, ಅತ್ತರು, ಕ್ಷಮೆ ಪಡೆದರು. ನಾನು ಇವತ್ತು ಎತ್ತಿಕೊಂಡಿರೋದು ಪಶ್ಚಾತ್ತಾಪವೇ ಇಲ್ಲದ ಕಥೆ: ಅರಸುಗಳು ಮೊದಲನೆಯ ಪುಸ್ತಕದ 19ನೇ ಅಧ್ಯಾಯ.

ಕರ್ಮೆಲ್ ಬೆಟ್ಟದ ಮೇಲೆ ಬಾಳನ 450 ಪ್ರವಾದಿಗಳ ಎದುರು ಗೆದ್ದ ಎಲೀಯ, ರಾಣಿ ಈಜೆಬೆಲಳ ಒಂದೇ ಬೆದರಿಕೆಗೆ ಓಡಿಹೋಗ್ತಾನೆ. ಯೆಹೂದದ ಬೇರ್ಷೆಬ ಸೇರಿದ ಮೇಲೆ ಅವಳ ಆಳ್ವಿಕೆ ಹಿಂದೆ ಉಳಿಯಿತು. ಆದರೂ ಆತ ನಿಲ್ಲೋದಿಲ್ಲ. ಗಡಿಯಲ್ಲೇ ಬದುಕುವ ನಾವು ಇದನ್ನು ಗಮನಿಸದೇ ಇರೋದು ಕಷ್ಟ. ಸೇವಕನನ್ನೂ ಅಲ್ಲೇ ಬಿಟ್ಟು, ಒಂದು ದಿನದ ದಾರಿ ಮರುಭೂಮಿಯೊಳಕ್ಕೆ ನಡೆದು, ಸಾವು ಬೇಡ್ತಾನೆ.

ದೇವದೂತ ಬಂದು ಬೈಯೋದಿಲ್ಲ, ಬುದ್ಧಿ ಹೇಳೋದಿಲ್ಲ. ಎದ್ದು ತಿನ್ನು ಅಂತಾನೆ. ತಲೆಯ ಬಳಿ ಬಿಸಿಕಲ್ಲಿನ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದವನನ್ನು ಮತ್ತೆ ಎಬ್ಬಿಸಿ ತಿನ್ನಿಸ್ತಾನೆ. ಹೀಬ್ರೂ ಮೂಲದಲ್ಲಿ ಈ ರೊಟ್ಟಿಗಿರುವ 'ಉಗಾ' ಎಂಬ ಪದವೇ 17ನೇ ಅಧ್ಯಾಯದಲ್ಲಿ ಎಲೀಯ ಬರಗಾಲದಲ್ಲಿ ಸಾರೆಪ್ತದ ವಿಧವೆಯಿಂದ ಕೇಳಿ ಪಡೆದ ರೊಟ್ಟಿಗೂ ಇದೆ. ಆತ ಅದನ್ನು ಗುರುತಿಸಿದ ಅಂತ ಕಥೆ ಹೇಳೋದಿಲ್ಲ.

ನಲವತ್ತು ಹಗಲು, ನಲವತ್ತು ರಾತ್ರಿ ನಡೆದು ಹೋರೇಬಿನ ಗುಹೆ ಸೇರ್ತಾನೆ. ಇಲ್ಲೇನು ಮಾಡ್ತಿದ್ದೀಯ ಅಂತ ದೇವರು ಕೇಳಿದರೆ, ಪ್ರವಾದಿಗಳನ್ನೆಲ್ಲ ಕೊಂದರು, ಉಳಿದವನು ನಾನೊಬ್ಬನೇ ಅನ್ನೋದು ಆತನ ಉತ್ತರ. ಇದು ಸುಳ್ಳು. ನೂರು ಪ್ರವಾದಿಗಳನ್ನು ಐವತ್ತೈವತ್ತಾಗಿ ಗುಹೆಗಳಲ್ಲಿ ಬಚ್ಚಿಟ್ಟು ರೊಟ್ಟಿ, ನೀರು ಕೊಟ್ಟು ಸಾಕಿದ್ದನ್ನು ಓಬದ್ಯ ಹಿಂದಿನ ಅಧ್ಯಾಯದಲ್ಲೇ ಆತನಿಗೆ ಹೇಳಿದ್ದಾನೆ. ಈಗ ಎಲೀಯನೂ ರೊಟ್ಟಿ ತಿಂದು ನೀರು ಕುಡಿದು ಗುಹೆ ಸೇರಿದ್ದಾನೆ, ಆದರೂ ತಾನೊಬ್ಬನೇ ಅಂತಾನೆ!

ಆಮೇಲೆ ಬಿರುಗಾಳಿ, ಭೂಕಂಪ, ಬೆಂಕಿ. ಕೊನೆಗೆ ತೆಳುವಾದ ಮೌನದ ದನಿ. ನಮ್ಮ ಪ್ರಸಂಗಗಳು ಹೆಚ್ಚಾಗಿ ಇಲ್ಲೇ ನಿಲ್ಲುತ್ತವೆ, ಆ ದನಿ ಎಲೀಯನನ್ನು ಬದಲಿಸಿತು ಅಂತ. ಪಠ್ಯ ಹಾಗೆ ಹೇಳೋದಿಲ್ಲ. ದೇವರು ಅದೇ ಪ್ರಶ್ನೆ ಕೇಳ್ತಾನೆ. ಎಲೀಯ ಹೆಚ್ಚುಕಡಿಮೆ ಅಕ್ಷರಶಃ ಅದೇ ಉತ್ತರ ಕೊಡ್ತಾನೆ. ದನಿ ಕೇಳಿದ ಮೇಲೂ ಆತ ಕಲಿತದ್ದೇನೂ ಕಾಣೋದಿಲ್ಲ.

ಇಲ್ಲಿ ದೇವರು ಎಲೀಯನನ್ನು ಕೆಲಸದಿಂದ ತೆಗೆದುಹಾಕಿದ ಅಂತ ಓದುವವರಿದ್ದಾರೆ. ನಿನ್ನ ಬದಲಿಗೆ ಎಲೀಷನನ್ನು ಅಭಿಷೇಕಿಸು ಎಂಬ ಮಾತು ಅವರ ಆಧಾರ. ಅರ್ಧ ಒಪ್ಪುತ್ತೇನೆ. ಆದರೆ ಅಪ್ಪಣೆಯ ಮೊದಲ ಮಾತು, ಬಂದ ದಾರಿಯಲ್ಲೇ ಹಿಂತಿರುಗು ಎಂಬುದು. ಬಾಳನಿಗೆ ಅಡ್ಡಬೀಳದ 7,000 ಜನರಿದ್ದಾರೆ ಎಂಬ ತಿದ್ದುಪಡಿ ಕೊನೆಗೆ, ಗದರಿಕೆಯಿಲ್ಲದೆ ಬರುತ್ತೆ. ಒಪ್ಪಿಸಿದ ಮೂರು ಅಭಿಷೇಕಗಳಲ್ಲಿ ಒಂದನ್ನೂ ಎಲೀಯ ಹೇಳಿದ ಹಾಗೆ ಮಾಡಿದ್ದು ಕಾಣೋದಿಲ್ಲ. ಎಲೀಷನ ಮೇಲೆ ಕಂಬಳಿ ಹಾಕ್ತಾನೆ, ಅಷ್ಟೇ. ಆದರೂ 21ನೇ ಅಧ್ಯಾಯದಲ್ಲಿ, ನಾಬೋತನ ದ್ರಾಕ್ಷಿತೋಟದಲ್ಲಿ, ಅಹಾಬನ ಎದುರು ನಿಲ್ಲಲು ದೇವರು ಕಳಿಸೋದು ಇದೇ ಎಲೀಯನನ್ನು.

ನನಗೆ ಬಿಡಿಸಲಾಗದ ತೊಡಕು ಬೇರೆ ಇದೆ. ಆ ಅಪ್ಪಣೆಯಲ್ಲಿ ಹಜಾಯೇಲ, ಯೇಹು ಇವರ ಕತ್ತಿಗಳೂ ಇವೆ. ಮುಂದೆ, ಎರಡನೆಯ ಪುಸ್ತಕದ 8ನೇ ಅಧ್ಯಾಯದಲ್ಲಿ, ಇಸ್ರಾಯೇಲಿನ ಮಕ್ಕಳಿಗೆ ಹಜಾಯೇಲ ಮಾಡಲಿರುವುದನ್ನು ನೆನೆದು ಎಲೀಷ ಅವನ ಎದುರೇ ಅಳ್ತಾನೆ. ಆ ಅಳುವನ್ನು ಬದಿಗಿಟ್ಟು ಎಲೀಯನಿಗೆ ಸಿಕ್ಕ ಕರುಣೆಯನ್ನು ಓದೋದು ನನ್ನ ಕೈಲಾಗಿಲ್ಲ. ಈ ಬಗ್ಗೆ ನಿಮ್ಮಿಂದ ಕೇಳಬೇಕು ಅಂತಿದ್ದೇನೆ.